ಗಂಟಲಿಗಿಂತ ಮೊದಲು ಕಾಲಿಗೆ ವಯಸ್ಸಾಗುತ್ತದೆ

ಹಳೇ ಡೆತ್ ಮೆಟಲ್ (ಅರಚು ದನಿಯ, ಅಬ್ಬರದ ರಾಕ್ ಸಂಗೀತ) ಬ್ಯಾಂಡೊಂದು ಹತ್ತಿಪ್ಪತ್ತು ವರ್ಷ ಸುಮ್ಮನಿದ್ದು ಮತ್ತೆ ಆಲ್ಬಂ ತಂದಿತು ಅನ್ನಿ. ಎಲ್ಲರೂ ಮೊದಲು ಕೇಳುವುದು ಒಂದೇ: ಗಂಟಲು ಹೇಗಿದೆ? ಆ ಅರಚಾಟ ಇನ್ನೂ ಬರುತ್ತಾ? ನಾನು ಮೊದಲು ಕಿವಿಗೊಡುವುದು ಡ್ರಮ್ಸ್‌ಗೆ, ಅದರಲ್ಲೂ ಕಾಲಲ್ಲಿ ಒದೆಯುವ ಕಿಕ್ ಡ್ರಮ್‌ಗೆ. ಶಿರಸಿಯಲ್ಲಿ ಸ್ಟುಡಿಯೊ ಇಟ್ಟುಕೊಂಡು ಯಕ್ಷಗಾನದ ಪದ, ಭಜನೆ, ಚುನಾವಣೆ ಬಂದರೆ ಪ್ರಚಾರದ ಹಾಡು ರೆಕಾರ್ಡ್ ಮಾಡುವವನಿಗೆ ಇದೇನು ಉಸಾಬರಿ ಅಂತ ಕೇಳಬೇಡಿ. ವೇಗದ ಹೊಡೆತ ರೆಕಾರ್ಡ್ ಮಾಡುವ ಕಷ್ಟ ಎರಡು ಕಡೆಯೂ ಒಂದೇ.

ಕಾರ್ಕಸ್ ಬ್ಯಾಂಡಿನ 'ಸರ್ಜಿಕಲ್ ಸ್ಟೀಲ್' ಆಲ್ಬಂ ತೆಗೆದುಕೊಳ್ಳೋಣ. ಲಿವರ್‌ಪೂಲಿನ ಈ ಬ್ಯಾಂಡ್ ಶುರುವಾಗಿದ್ದು 1985ರಲ್ಲಿ. 1996ರಲ್ಲಿ 'ಸ್ವಾನ್‌ಸಾಂಗ್' ಆಲ್ಬಂ ಹೊರಬರುವ ಹೊತ್ತಿಗೆ ಎಲ್ಲರೂ ಅವರವರ ದಾರಿ ಹಿಡಿದಾಗಿತ್ತು. 1999ರಲ್ಲಿ ಡ್ರಮ್ಮರ್ ಕೆನ್ ಓವನ್‌ಗೆ ಮಿದುಳಿನಲ್ಲಿ ರಕ್ತಸ್ರಾವ ಆಯಿತು. ಮೊದಲಿನಂತೆ ಬಾರಿಸುವುದು ಅಲ್ಲಿಗೆ ಮುಗಿಯಿತು. ಹದಿನೇಳು ವರ್ಷ ಬಿಟ್ಟು 2013ರಲ್ಲಿ 'ಸರ್ಜಿಕಲ್ ಸ್ಟೀಲ್' ಬಂದಾಗ ಡ್ರಮ್ಸ್ ಹಿಂದೆ ಕೂತಿದ್ದವರು ಡ್ಯಾನ್ ವೈಲ್ಡಿಂಗ್ ಎಂಬ ಇಪ್ಪತ್ತರ ಹರೆಯದ ಹುಡುಗ. ಓವನ್ ಅವರನ್ನು ಬಿಟ್ಟುಬಿಡಲಿಲ್ಲ, ಹಿನ್ನೆಲೆ ದನಿಗೆ ಕರೆದರು. ನನಗೆ ಬಹಳ ಹಿಡಿಸಿದ್ದು ಇದು. ಗಂಟಲು ಹಳೆಯದು, ಕಾಲು ಹೊಸದು.

ಯಾಕೆ ಹೀಗೆ? ಲೆಕ್ಕ ಹಾಕಿ. ನಿಮಿಷಕ್ಕೆ 200 ಬೀಟ್‌ನ ಹಾಡಿನಲ್ಲಿ ಒಂದೊಂದು ಬೀಟಿಗೆ ನಾಲ್ಕು ಒದೆತ ಅಂದರೆ ಸೆಕೆಂಡಿಗೆ 13ಕ್ಕೂ ಜಾಸ್ತಿ. ಎರಡು ಒದೆತದ ನಡುವೆ ಸಿಗುವುದು 75 ಮಿಲಿಸೆಕೆಂಡ್. ಎರಡೂ ಕಾಲು ಸರದಿಯಲ್ಲಿ ಒದೆಯಬೇಕು. ಬಲಗಾಲಿನವರಿಗೆ ಎಡಗಾಲು ಯಾವಾಗಲೂ ಸ್ವಲ್ಪ ಸೋಮಾರಿ. ದಣಿದಾಗ ಮೊದಲು ಕೈಕೊಡುವುದೂ ಅದೇ. ಕಂಪ್ಯೂಟರಿನಲ್ಲಿ ಆ ಟ್ರ್ಯಾಕನ್ನು ದೊಡ್ಡದು ಮಾಡಿ ನೋಡಿದರೆ ಕಣ್ಣಿಗೇ ಕಾಣುತ್ತದೆ: ಒಂದು ಗೆರೆ ಎತ್ತರ, ಪಕ್ಕದ್ದು ಗಿಡ್ಡ, ಮತ್ತೆ ಎತ್ತರ, ಮತ್ತೆ ಗಿಡ್ಡ. ಗಿಡ್ಡ ಗೆರೆಗಳು ಒಂದಿಷ್ಟು ತಡವಾಗಿಯೂ ಬಿದ್ದಿರುತ್ತವೆ.

ಇದನ್ನು ಮುಚ್ಚಲು ಎರಡು ಉಪಾಯ. ಡ್ರಮ್ಮಿಗೆ ಟ್ರಿಗರ್ ಅನ್ನುವ ಪುಟ್ಟ ಸೆನ್ಸರ್ ಸಿಕ್ಕಿಸಬಹುದು. ಕಾಲು ತಾಗಿದ್ದಷ್ಟೇ ಅದಕ್ಕೆ ಸಾಕು, ಮೊದಲೇ ತುಂಬಿಟ್ಟ ಒಂದು ಒಳ್ಳೆಯ ಹೊಡೆತವನ್ನು ಪ್ರತಿ ಸಲ ನುಡಿಸುತ್ತದೆ. ಮೆಲ್ಲಗೆ ಒದ್ದರೂ ಅಷ್ಟೇ, ಜೋರಾಗಿ ಒದ್ದರೂ ಅಷ್ಟೇ. ಇನ್ನೊಂದು, ತಡವಾದ ಹೊಡೆತಗಳನ್ನು ಮೌಸ್‌ನಲ್ಲಿ ಎಳೆದು ತಾಳದ ಗೆರೆಗೆ ಕೂರಿಸುವುದು. ಎರಡನ್ನೂ ಪೂರ್ತಿ ಮಾಡಿದರೆ ಐವತ್ತು ದಾಟಿದವರೂ ಇಪ್ಪತ್ತೈದರವರಂತೆ ಕೇಳಿಸುತ್ತಾರೆ. ಆದರೆ ಹೊಲಿಗೆ ಮಿಷನ್ ಓಡಿದ ಹಾಗೂ ಕೇಳಿಸುತ್ತದೆ. ಹಳಬರ ಎಷ್ಟೋ ಆಲ್ಬಂ ಸಪ್ಪೆಯಾಗುವುದು ಇಲ್ಲಿಯೇ. ಹಾಡು ಚೆನ್ನಾಗಿರುತ್ತದೆ, ಕೇಳುವಾಗ ಮೈ ಜುಂ ಅನ್ನುವುದಿಲ್ಲ.

ಟ್ರಿಗರ್ ಅಂದರೆ ಮೋಸ ಅಂತ ಹೇಳುತ್ತಿಲ್ಲ, ಅದು ಬೇಕಾಗುವುದಕ್ಕೆ ಕಾರಣವಿದೆ. ನಮ್ಮ ಕಡೆ ಚಂಡೆ ಕೇಳಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಕೊಯ್ಲಾದ ಗದ್ದೆ ಬಯಲಿನಲ್ಲಿ ಆಟ ನಡೆದರೆ ಚಂಡೆಯ ಒಂದೊಂದು ಪೆಟ್ಟೂ ಬಿಡಿಬಿಡಿ. ಅದೇ ಚಂಡೆ, ಅದೇ ಕೈ, ಟೈಲ್ಸ್ ಹಾಕಿದ ಕಲ್ಯಾಣ ಮಂಟಪಕ್ಕೆ ಬರಲಿ, ಎಲ್ಲ ಕಲಸಿಹೋಗುತ್ತದೆ. ಒಂದು ಪೆಟ್ಟಿನ ಪ್ರತಿಧ್ವನಿ ಅಡಗುವ ಮೊದಲೇ ಹತ್ತು ಪೆಟ್ಟು ಬಿದ್ದಿರುತ್ತದೆ. ಅಲ್ಲಿ ಮೈಕ್ ಎಷ್ಟು ಹತ್ತಿರ ಇಟ್ಟರೂ ಗೋಡೆ ಬಿಡುವುದಿಲ್ಲ. 75 ಮಿಲಿಸೆಕೆಂಡ್ ಅಂತರದ ಕಿಕ್‌ಗೂ ಇದೇ ಪಾಡು. ಹಾಗಾಗಿ ಹೆಚ್ಚಿನವರು ಟ್ರಿಗರ್ ಶಬ್ದವನ್ನು ಅಷ್ಟಿಷ್ಟು ಬೆರೆಸುತ್ತಾರೆ. ಎಷ್ಟು ಬೆರೆಸಬೇಕು ಅನ್ನುವುದರಲ್ಲೇ ಎಲ್ಲ ಇರುವುದು. ನಾನಾದರೆ ಎತ್ತರ-ಗಿಡ್ಡದ ವ್ಯತ್ಯಾಸ ಅರ್ಧದಷ್ಟಾದರೂ ಉಳಿಸುತ್ತೇನೆ. ಕಾರವಾರದಿಂದ ಗಿಟಾರ್ ಹೊತ್ತು ಘಟ್ಟ ಹತ್ತಿ ಬರುವ ಹುಡುಗರಿಗೆ ಇದು ಇಷ್ಟವಾಗುವುದಿಲ್ಲ. "ಸರ್, ಪೂರ್ತಿ ಸಮ ಮಾಡಿ" ಅನ್ನುತ್ತಾರೆ. "170 ಬೀಟ್‌ಗೆ ಇಳಿಸಿ ಬಾರಿಸು ತಮ್ಮಾ, ತಾನಾಗಿ ಸಮ ಆಗ್ತದೆ" ಅಂದರೆ ಮುಖ ಚಿಕ್ಕದು ಮಾಡುತ್ತಾರೆ.

ಗಿಟಾರಿನ ವಿಷಯ ಬೇರೆ. ಕಾರ್ಕಸ್‌ನವರು ತಂತಿಗಳನ್ನು ಸಡಿಲಿಸಿ ಬಿ ಸ್ವರಕ್ಕೆ ಇಳಿಸುತ್ತಾರೆ. ದಪ್ಪ ತಂತಿ ಸಾಮಾನ್ಯವಾಗಿ 82 ಹರ್ಟ್ಸ್ (ಸೆಕೆಂಡಿಗೆ 82 ಸಲ ಅದುರುತ್ತದೆ), ಇಳಿಸಿದ ಮೇಲೆ ಸುಮಾರು 62. ನಮ್ಮ ಕರೆಂಟು 50 ಹರ್ಟ್ಸ್. ಬೇಸಿಗೆಯಲ್ಲಿ ನೆಲ ಒಣಗಿ ಅರ್ತಿಂಗ್ ಕೆಟ್ಟಿತು ಅಂದರೆ ಸ್ಪೀಕರಿನಲ್ಲಿ ಬರುವ ಗುಂಯ್ ಶಬ್ದ ಈ ತಂತಿಯ ಪಕ್ಕದಲ್ಲೇ ಕೂತಿರುತ್ತದೆ. ಅದನ್ನು ಕತ್ತರಿಸಲು ಹೋದರೆ ಗಿಟಾರಿನ ದಪ್ಪವೂ ಹೋಗುತ್ತದೆ. ಮೊದಲು ಅರ್ತಿಂಗ್ ಗುಂಡಿಗೆ ನೀರು ಹಾಕಿ, ಆಮೇಲೆ ಆಂಪ್ಲಿಫೈಯರ್ ಬಗ್ಗೆ ಮಾತಾಡೋಣ.

'ಸರ್ಜಿಕಲ್ ಸ್ಟೀಲ್'ನಲ್ಲಿ ಗಿಟಾರ್ ಪೂರ್ತಿ ಬಿಲ್ ಸ್ಟಿಯರ್ ಒಬ್ಬರದೇ. ಎಡ ಸ್ಪೀಕರಿಗೆ ಒಂದು ಸಲ, ಬಲದ್ದಕ್ಕೆ ಇನ್ನೊಂದು ಸಲ ನುಡಿಸಿದಾಗ ಎರಡೂ ಒಂದೇ ಕೈಯ ಒತ್ತು, ಒಂದೇ ಆತುರ. ಇಬ್ಬರು ನುಡಿಸಿದರೆ ಇಷ್ಟು ಬಿಗಿ ಬರುವುದು ಕಷ್ಟ. ರೆಕಾರ್ಡಿಂಗ್‌ಗೆ ಕೂತವರು ಇದೇ ಬ್ಯಾಂಡಿನ 1993ರ ಆಲ್ಬಂ 'ಹಾರ್ಟ್‌ವರ್ಕ್' ಮಾಡಿಕೊಟ್ಟ ಕಾಲಿನ್ ರಿಚರ್ಡ್‌ಸನ್, ಮಿಕ್ಸ್ ಮಾಡಿದವರು ಆಂಡಿ ಸ್ನೀಪ್. ಹಳೆಯ ಶಬ್ದದ ಪರಿಚಯ ಇದ್ದವರನ್ನೇ ಕರೆದದ್ದು ಜಾಣತನ.

ಇನ್ನು ಗಂಟಲು. ನಾವು ಮಾತಾಡುವ ಧ್ವನಿತಂತುಗಳ ಸ್ವಲ್ಪ ಮೇಲೆ ಇನ್ನೊಂದು ಜೊತೆ ಮಡಿಕೆಗಳಿವೆ. ಮಾತಿಗೆ ಅವು ಬೇಕಿಲ್ಲ. ಗ್ರೌಲ್, ಅಂದರೆ ಡೆತ್ ಮೆಟಲ್‌ನ ಆ ಗುರುಗುಟ್ಟುವ ಅರಚಾಟ, ಮಾಡುವಾಗ ಅವು ಹತ್ತಿರ ಬಂದು ಅದುರುತ್ತವೆ. ಅಲ್ಲಿ ಏರು ಸ್ವರ ಹಿಡಿದು ನಿಲ್ಲಿಸುವ ಕೆಲಸವಿಲ್ಲ. ವಯಸ್ಸಾದಂತೆ ಮೊದಲು ಕಳೆದುಹೋಗುವುದು ಏರು ಸ್ವರ. ಭಾಗವತರಿಗೆ ಶ್ರುತಿ ಇಳಿಸಿಕೊಳ್ಳುವ ಕಾಲ ಬಂದರೂ ಅದೇ ಮೇಳದ ಬಣ್ಣದ ವೇಷದವರು ಇನ್ನೂ ಆರ್ಭಟ ಕೊಡುತ್ತಿರುತ್ತಾರಲ್ವಾ? ಗ್ರೌಲ್‌ಗೆ ಮುಖ್ಯವಾಗಿ ಬೇಕಾದ್ದು ಉಸಿರು. ಪೊಸೆಸ್ಡ್ ಎಂಬ ಇನ್ನೊಂದು ಡೆತ್ ಮೆಟಲ್ ಬ್ಯಾಂಡಿನ ಗಾಯಕ ಜೆಫ್ ಬೆಸೆರಾ 1989ರಲ್ಲಿ ದರೋಡೆಕೋರರ ಗುಂಡೇಟು ತಿಂದು ಕಾಲಿನ ಸ್ವಾಧೀನ ಕಳೆದುಕೊಂಡವರು. ಗಾಲಿಕುರ್ಚಿಯಲ್ಲೇ ಕೂತು 2019ರಲ್ಲಿ 'ರೆವೆಲೇಶನ್ಸ್ ಆಫ್ ಒಬ್ಲಿವಿಯನ್' ಆಲ್ಬಂ ಹಾಡಿದರು. ಹಿಂದಿನ ಪೂರ್ಣ ಆಲ್ಬಂ ಬಂದು ಆಗಲೇ 33 ವರ್ಷ. ಕೇಳಿ ನೋಡಿ, ದನಿಯಲ್ಲಿ ಎಲ್ಲೂ ಅನುಕಂಪ ಬೇಡುವ ಛಾಯೆಯಿಲ್ಲ.

ಹಳೆಯದು, ಹೊಸದು ಎರಡನ್ನೂ ಹೋಲಿಸುವವರು ಒಂದು ಕೆಲಸ ಮಾಡಿ. ಈಗಿನ ಆಲ್ಬಂಗಳನ್ನು ಹೆಚ್ಚಾಗಿ ಜೋರಾಗಿಯೇ ಮಾಡಿರುತ್ತಾರೆ, ಜೋರಾಗಿದ್ದದ್ದು ನಮ್ಮ ಕಿವಿಗೆ ಚೆನ್ನಾಗಿದೆ ಅನಿಸಿಬಿಡುತ್ತದೆ. 'ಹಾರ್ಟ್‌ವರ್ಕ್' ಮತ್ತು 'ಸರ್ಜಿಕಲ್ ಸ್ಟೀಲ್' ಎರಡರ ವಾಲ್ಯೂಮನ್ನೂ ಕೈಯಲ್ಲೇ ಸಮ ಮಾಡಿಕೊಳ್ಳಿ. ಫೋನಿನ ಸ್ಪೀಕರ್ ಬೇಡ, ಅದರಲ್ಲಿ ಕಿಕ್‌ನ ಟಿಕ್ ಟಿಕ್ ಅಷ್ಟೇ ಬರುತ್ತದೆ, ಕೆಳಗಿನ ಗುದ್ದು ಬರುವುದೇ ಇಲ್ಲ. ಹೆಡ್‌ಫೋನ್ ಹಾಕಿ, ಗಿಟಾರ್ ಮರೆತು, ವೇಗದ ಜಾಗ ಬಂದಾಗ ಎಲ್ಲ ಒದೆತಗಳೂ ಒಂದೇ ತೂಕದವೋ ಅಲ್ಲವೋ ಅಂತ ಗಮನಿಸಿ.