ಬಿಪಿ ಮಾತ್ರೆ ತಿಂದರೆ ಪಾದ ಊದುವುದೇಕೆ?

ಬಿಪಿ ಮಾತ್ರೆ ಬಿಟ್ಟವರು ಹೇಳುವ ಕಾರಣಗಳು ಹಲವು. ಮುಂಬೈಯಲ್ಲಿ ಮೆಡಿಕಲ್ ಅಂಗಡಿಯ ಕೌಂಟರಿನ ಹಿಂದೆ ನಿಲ್ಲುವ ನನ್ನ ಕಿವಿಗೆ ಹೆಚ್ಚಾಗಿ ಬೀಳುವುದು ಒಂದೇ: "ಕಾಲು ಊದಿತು, ಅದಕ್ಕೇ ಬಿಟ್ಟೆ." ಹೀಗೆ ಹೇಳುವವರಲ್ಲಿ ನಮ್ಮ ಕನ್ನಡದವರು ಬಹಳ. ಬೆಳಿಗ್ಗೆಯಿಂದ ರಾತ್ರಿಯವರೆಗೆ ದೋಸೆ ಕಾವಲಿಯ ಮುಂದೆ ನಿಲ್ಲುವವರು, ಹೋಟೆಲಿನ ಗಲ್ಲಾದಲ್ಲಿ ಕಾಲು ಇಳಿಬಿಟ್ಟು ಕೂರುವವರು, ಡೊಂಬಿವಲಿಯಿಂದ ದಾದರಿನ ತನಕ ಲೋಕಲ್‌ನಲ್ಲಿ ನಿಂತೇ ಬರುವ ಆಫೀಸಿನವರು. ಮೊನ್ನೆ ಕುಂದಾಪುರ ಕಡೆಯ ಶೆಟ್ಟರೊಬ್ಬರು ಪ್ಯಾಂಟು ಮೇಲೆತ್ತಿ ಕಣಕಾಲು ತೋರಿಸಿದರು. ಕಾಲುಚೀಲದ ರಬ್ಬರು ಕೂತ ಜಾಗ ಬೆರಳಿನಷ್ಟು ಆಳಕ್ಕೆ ಗೀರು ಬಿದ್ದಿತ್ತು.

"ಕಿಡ್ನಿ ಹೋಯಿತು ಅಂತ ಹೆದರಿ ಮಾತ್ರೆ ನಿಲ್ಲಿಸಿದೆ ಮಾರಾಯ್ರೆ. ಮರುದಿನ ಬಿಪಿ ನೋಡಿಸಿದರೆ ನಾರ್ಮಲ್. ಹಾಗಾದರೆ ಈ ಮಾತ್ರೆ ಬೇಕೇ ಇರಲಿಲ್ಲ ಅಲ್ವಾ?"

"ಹಾಗಲ್ಲ ಶೆಟ್ರೇ, ನೀವು ಬಿಟ್ಟ ಮಾತ್ರೆ ನಿಮ್ಮನ್ನು ಇನ್ನೂ ಬಿಟ್ಟಿಲ್ಲ," ಎಂದೆ. ಕೌಂಟರಿನಲ್ಲಿ ಹಿಂದೆ ಸಾಲು ನಿಂತಿತ್ತು, ಅದಕ್ಕಿಂತ ಹೆಚ್ಚು ಹೇಳಲು ಆಗಲಿಲ್ಲ. ಅವರ ಎರಡು ಪ್ರಶ್ನೆಗಳಿಗೂ, ಅಂದರೆ ಊತಕ್ಕೂ ಮರುದಿನದ ನಾರ್ಮಲ್‌ಗೂ, ಉತ್ತರ ಆ ಮಾತ್ರೆ ಕೆಲಸ ಮಾಡುವ ರೀತಿಯಲ್ಲೇ ಇದೆ. ಅದನ್ನು ಯಾರಾದರೂ ಬಿಡಿಸಿ ಹೇಳಿದ್ದರೆ ಅವರು ಮಾತ್ರೆ ಬಿಡುತ್ತಿರಲಿಲ್ಲ ಎಂದು ನಾನು ಬಲವಾಗಿ ನಂಬುತ್ತೇನೆ.

ಶೆಟ್ಟರ ಮಾತ್ರೆ ಅಮ್ಲೋಡಿಪಿನ್. ಭಾರತದಲ್ಲಿ ಅತಿ ಹೆಚ್ಚು ಜನ ನುಂಗುವ ಬಿಪಿ ಔಷಧಗಳಲ್ಲಿ ಇದೂ ಒಂದು. 2017ರಲ್ಲಿ ಸರ್ಕಾರ ಅಧಿಕ ರಕ್ತದೊತ್ತಡ ನಿಯಂತ್ರಣಕ್ಕೆಂದು ಆರಂಭಿಸಿದ ಕಾರ್ಯಕ್ರಮದಲ್ಲಿ ಮೊದಲು ಸೇರಿದ ರಾಜ್ಯಗಳಲ್ಲಿ ಮಹಾರಾಷ್ಟ್ರವೂ ಇತ್ತು. ಆ ಕಾರ್ಯಕ್ರಮದಡಿ ಹಲವು ರಾಜ್ಯಗಳ ಚಿಕಿತ್ಸಾಕ್ರಮ ಶುರುವಾಗುವುದೇ ದಿನಕ್ಕೊಂದು 5 ಮಿಲಿಗ್ರಾಂ ಅಮ್ಲೋಡಿಪಿನ್‌ನಿಂದ. ಅಗ್ಗ, ದಿನಕ್ಕೊಮ್ಮೆ ಸಾಕು, ಶುರು ಮಾಡುವ ಮುಂಚೆ ದೊಡ್ಡ ರಕ್ತಪರೀಕ್ಷೆಗಳ ಅಗತ್ಯವೂ ಇಲ್ಲ. ಇದರ ಕುಟುಂಬದ ಹೆಸರು ಕ್ಯಾಲ್ಸಿಯಂ ಚಾನೆಲ್ ಬ್ಲಾಕರ್. ನಿಫೆಡಿಪಿನ್, ಸಿಲ್ನಿಡಿಪಿನ್, ಡಿಲ್ಟಿಯಾಜೆಮ್, ವೆರಾಪಮಿಲ್ ಇವೆಲ್ಲ ಅದೇ ಕುಟುಂಬದವು.

ನಮ್ಮ ಮೈಯಲ್ಲಿ ಸುಮಾರು ಒಂದು ಕಿಲೋ ಕ್ಯಾಲ್ಸಿಯಂ ಇದೆ. ಅದರ ನೂರಕ್ಕೆ ತೊಂಬತ್ತೊಂಬತ್ತು ಪಾಲು ಮೂಳೆ ಮತ್ತು ಹಲ್ಲಿನಲ್ಲಿ. ಉಳಿದ ಚೂರು ಮಾಡುವ ಕೆಲಸ ಮಾತ್ರ ದೊಡ್ಡದು. ಸ್ನಾಯುವಿನ ಒಂದು ಜೀವಕೋಶವನ್ನು ತೆಗೆದುಕೊಂಡರೆ, ಅದರ ಹೊರಗಿನ ದ್ರವದಲ್ಲಿರುವ ಕ್ಯಾಲ್ಸಿಯಂ ಒಳಗಿನದಕ್ಕಿಂತ ಸುಮಾರು ಹತ್ತು ಸಾವಿರ ಪಟ್ಟು ಸಾಂದ್ರ. ಜೀವಕೋಶ ಸದಾ ಶಕ್ತಿ ಖರ್ಚು ಮಾಡಿ ಅದನ್ನು ಹೊರಗೆ ತಳ್ಳುತ್ತಲೇ ಇರುತ್ತದೆ. ಕೋಶದ ಪೊರೆಯಲ್ಲಿ ಕ್ಯಾಲ್ಸಿಯಂಗೆಂದೇ ಇರುವ ಸಣ್ಣ ಬಾಗಿಲುಗಳಿವೆ. ಅವೇ ಚಾನೆಲ್‌ಗಳು, ಪ್ರೋಟೀನಿನಿಂದ ಆದವು. ವಿದ್ಯುತ್ ಸಂಕೇತ ಬಂದಾಗ ಬಾಗಿಲು ತೆರೆಯುತ್ತದೆ, ಹೊರಗಿನ ಕ್ಯಾಲ್ಸಿಯಂ ಒಳನುಗ್ಗುತ್ತದೆ, ಸ್ನಾಯು ಬಿಗಿಯುತ್ತದೆ. ಒಳಬಂದದ್ದನ್ನು ಮತ್ತೆ ಹೊರಹಾಕಿದ ಮೇಲೆ ಸಡಿಲವಾಗುತ್ತದೆ. ಹೃದಯದ ಒಂದೊಂದು ಬಡಿತವೂ, ರಕ್ತನಾಳ ಬಿಗಿಯುವುದೂ ಈ ಹೋಗಿ ಬರುವಿಕೆಯಿಂದಲೇ.

ಇದು ತಿಳಿದ ಬಗೆ ಸ್ವಾರಸ್ಯಕರ. ಲಂಡನ್ನಿನ ವೈದ್ಯ ಸಿಡ್ನಿ ರಿಂಗರ್ 1880ರ ದಶಕದ ಆರಂಭದಲ್ಲಿ ಕಪ್ಪೆಯ ಹೃದಯವನ್ನು ಹೊರತೆಗೆದು ಉಪ್ಪುನೀರಿನಲ್ಲಿ ಬಡಿಯುವಂತೆ ಇಡುತ್ತಿದ್ದರು. ಉಪ್ಪು ಮಾತ್ರ ಸಾಕು ಎಂದು ಮೊದಲು ಬರೆದೂ ಬಿಟ್ಟರು. ಆಮೇಲೆ ಗೊತ್ತಾಯಿತು, ಆ ದ್ರಾವಣವನ್ನು ಭಟ್ಟಿ ಇಳಿಸಿದ ನೀರಿನಲ್ಲಿ ಮಾಡಿರಲಿಲ್ಲ, ನಲ್ಲಿ ನೀರಿನಲ್ಲಿ ಮಾಡಲಾಗಿತ್ತು. ಲಂಡನ್ನಿನ ಆ ನಲ್ಲಿ ನೀರಿನಲ್ಲಿ ಸುಣ್ಣದ ಅಂಶ, ಎಂದರೆ ಕ್ಯಾಲ್ಸಿಯಂ, ಇತ್ತು. ಭಟ್ಟಿ ಇಳಿಸಿದ ನೀರಿನಲ್ಲಿ ಮಾಡಿದ ದ್ರಾವಣದಲ್ಲಿ ಹೃದಯ ಕುಂದುತ್ತಾ ನಿಂತೇಹೋಯಿತು. ಚಿಟಿಕೆ ಕ್ಯಾಲ್ಸಿಯಂ ಸೇರಿಸಿದರೆ ಮತ್ತೆ ಬಡಿಯಿತು. 1883ರಲ್ಲಿ ಅವರು ಇದನ್ನು ಪ್ರಕಟಿಸಿದರು. ಆಸ್ಪತ್ರೆಯಲ್ಲಿ ಇಂದಿಗೂ ಏರಿಸುವ 'ರಿಂಗರ್ ಲ್ಯಾಕ್ಟೇಟ್' ಬಾಟಲಿಯಲ್ಲಿರುವುದು ಇವರದೇ ಹೆಸರು.

ಅಲ್ಲಿಂದ ಮುಂದೆ 80 ವರ್ಷ ದಾಟಿ ಜರ್ಮನಿಯ ಫ್ರೈಬುರ್ಗ್‌ಗೆ ಬರಬೇಕು. 1960ರ ದಶಕದಲ್ಲಿ ಆಲ್ಬ್ರೆಕ್ಟ್ ಫ್ಲೆಕೆನ್‌ಸ್ಟೈನ್ ಎಂಬ ಶರೀರವಿಜ್ಞಾನಿ ವೆರಾಪಮಿಲ್ ಮುಂತಾದ ಹೊಸ ಔಷಧಗಳನ್ನು ಹೃದಯದ ಸ್ನಾಯುವಿನ ಮೇಲೆ ಪರೀಕ್ಷಿಸುತ್ತಿದ್ದರು. ವಿದ್ಯುತ್ ಸಂಕೇತ ಹೆಚ್ಚುಕಡಿಮೆ ಹಾಗೆಯೇ ಇದ್ದರೂ ಸ್ನಾಯು ಬಿಗಿಯುವ ಬಲ ಇಳಿಯುತ್ತಿತ್ತು. ಸುತ್ತಲಿನ ದ್ರವದಿಂದ ಕ್ಯಾಲ್ಸಿಯಂ ತೆಗೆದಾಗ ಏನಾಗುತ್ತದೋ ಅದೇ ಲಕ್ಷಣ. ಕ್ಯಾಲ್ಸಿಯಂ ಹೆಚ್ಚಿಸಿದರೆ ಬಲ ಮರಳುತ್ತಿತ್ತು. ಔಷಧ ಕ್ಯಾಲ್ಸಿಯಂನ ಒಳಹಾದಿಯನ್ನೇ ತಡೆಯುತ್ತಿದೆ ಎಂದು ಅವರು ಹೇಳಿದ್ದು ಹೀಗೆ. 1970ರ ದಶಕದಲ್ಲಿ ಬಾಯರ್ ಕಂಪನಿಯ ನಿಫೆಡಿಪಿನ್ ಬಂತು, ಜಪಾನಿನಿಂದ ಡಿಲ್ಟಿಯಾಜೆಮ್ ಬಂತು. ಅಮ್ಲೋಡಿಪಿನ್ ಮಾರುಕಟ್ಟೆಗೆ ಇಳಿದದ್ದು 1990ರ ಸುಮಾರಿಗೆ.

ಅಮ್ಲೋಡಿಪಿನ್ ಮುಖ್ಯವಾಗಿ ಹಿಡಿಯುವುದು ಕಿರು ಅಪಧಮನಿಗಳ ಕ್ಯಾಲ್ಸಿಯಂ ಬಾಗಿಲುಗಳನ್ನು, ಆಗ ಆ ನಾಳಗಳು ಸಡಿಲವಾಗುತ್ತವೆ. ಹೃದಯದಿಂದ ಹೊರಟ ರಕ್ತ ಅತಿ ಸಣ್ಣ ಲೋಮನಾಳಗಳಿಗೆ ಇಳಿಯುವ ಮುಂಚೆ ಹಾಯುವ, ಗೋಡೆಯಲ್ಲಿ ಸ್ನಾಯು ಸುತ್ತಿಕೊಂಡಿರುವ ನಾಳಗಳು ಇವು. ರಕ್ತದೊತ್ತಡ ಎಷ್ಟಿರಬೇಕೆಂದು ಬಹುಪಾಲು ನಿರ್ಧರಿಸುವುದು ಇವುಗಳ ಬಿಗಿ. ಫ್ರಾನ್ಸಿನ ವೈದ್ಯ ಪ್ವಾಸೇಯ್ 1840ರ ದಶಕದಲ್ಲಿ ತೋರಿಸಿದ ಲೆಕ್ಕವೊಂದಿದೆ: ನಾಳದ ತ್ರಿಜ್ಯ ಕೊಂಚ ಬದಲಾದರೂ ಹರಿವಿಗೆ ಅಡ್ಡಿ ಅದರ ನಾಲ್ಕನೇ ಘಾತದ ಪ್ರಮಾಣದಲ್ಲಿ ಬದಲಾಗುತ್ತದೆ. ತ್ರಿಜ್ಯ ನೂರಕ್ಕೆ ಹತ್ತರಷ್ಟು ಹಿಗ್ಗಿದರೆ ಅಡ್ಡಿ ಸುಮಾರು ಮೂರರಲ್ಲಿ ಒಂದು ಪಾಲು ಇಳಿಯುತ್ತದೆ. ಔಷಧ ಬಾಗಿಲುಗಳನ್ನು ಪೂರ್ತಿ ಮುಚ್ಚಬೇಕಿಲ್ಲ, ಕೆಲವನ್ನು ಹಿಡಿದರೂ ಸಾಕಾಗುವುದು ಇದಕ್ಕೇ.

ಹಾಗಾದರೆ ಕೈಕಾಲಿನ ಬಲ ಕುಂದುವುದಿಲ್ಲವೇ? ಕುಂದುವುದಿಲ್ಲ. ಕೈಕಾಲಿನ ಸ್ನಾಯುಗಳು ತಮ್ಮೊಳಗೇ ಕೂಡಿಟ್ಟ ಕ್ಯಾಲ್ಸಿಯಂ ಬಳಸಿ ಬಿಗಿಯುತ್ತವೆ, ಹೊರಗಿನದಕ್ಕೆ ಕಾಯುವುದಿಲ್ಲ. ಹಾಲು, ರಾಗಿ ಅಂಬಲಿ ಬಿಡಬೇಕೇ ಎಂದು ಕೇಳುವ ಅಕ್ಕಂದಿರಿಗೂ ಇದೇ ಸಮಾಧಾನ. ಈ ಮಾತ್ರೆ ರಕ್ತದ ಕ್ಯಾಲ್ಸಿಯಂ ಇಳಿಸುವುದಿಲ್ಲ, ಮೂಳೆಯಿಂದ ತೆಗೆಯುವುದೂ ಇಲ್ಲ. ಅಂಬಲಿ ಕುಡಿಯಿರಿ.

ಈಗ ಶೆಟ್ಟರ ಪಾದಕ್ಕೆ ಬರೋಣ. ಔಷಧ ಲೋಮನಾಳದ ಮುಂಚಿನ ಕಿರು ಅಪಧಮನಿಯನ್ನು ಹಿಗ್ಗಿಸುತ್ತದೆ, ಅದರ ನಂತರದ ಕಿರು ಅಭಿಧಮನಿಯನ್ನು ಅಷ್ಟಾಗಿ ಹಿಗ್ಗಿಸುವುದಿಲ್ಲ. ಬರುವ ದಾರಿ ಅಗಲವಾಯಿತು, ಹೋಗುವ ದಾರಿ ಮೊದಲಿನಷ್ಟೇ ಉಳಿಯಿತು. ನಡುವಿನ ಲೋಮನಾಳದಲ್ಲಿ ಒತ್ತಡ ಏರಿ ರಕ್ತದ ನೀರಿನಂಶ ಸುತ್ತಲಿನ ಮಾಂಸದೊಳಕ್ಕೆ ಜಿನುಗುತ್ತದೆ. ಇಡೀ ದಿನ ನಿಂತರೆ ಗುರುತ್ವದಿಂದ ಪಾದದಲ್ಲಿ ಒತ್ತಡ ಇನ್ನೂ ಹೆಚ್ಚು, ಮುಂಬೈಯ ಏಪ್ರಿಲ್ ಮೇ ಸೆಕೆಯಲ್ಲಿ ನಾಳಗಳು ಮತ್ತಷ್ಟು ಹಿಗ್ಗಿರುತ್ತವೆ. ಸಂಜೆಗೆ ಊತ ಜೋರಾಗಿ, ರಾತ್ರಿ ಮಲಗಿದ ಮೇಲೆ ಇಳಿಯುವುದು ಇದರಿಂದ. ಕಂಪನಿಯ ಪ್ರಯೋಗಗಳಲ್ಲಿ 5 ಮಿಲಿಗ್ರಾಂ ತೆಗೆದುಕೊಂಡ ನೂರರಲ್ಲಿ ಸುಮಾರು 3 ಜನಕ್ಕೆ, 10 ಮಿಲಿಗ್ರಾಂ ತೆಗೆದುಕೊಂಡವರಲ್ಲಿ ಸುಮಾರು 11 ಜನಕ್ಕೆ ಊತ ಬಂದಿತ್ತು, ಗಂಡಸರಿಗಿಂತ ಹೆಂಗಸರಿಗೆ ಹೆಚ್ಚು.

ಇದು ಕಿಡ್ನಿ ಕೆಟ್ಟದ್ದರಿಂದ ಬಂದ ಊತವಲ್ಲ, ಮೈಯಲ್ಲಿ ನೀರು ಹೆಚ್ಚಾದದ್ದೂ ಅಲ್ಲ. ಆದ್ದರಿಂದಲೇ ಉಚ್ಚೆ ಹೋಗಿಸುವ ಮಾತ್ರೆ ತಿಂದರೆ ಇದು ಹೆಚ್ಚೇನೂ ಇಳಿಯದು, ಆ ಮಾತ್ರೆಯನ್ನು ನೀವಾಗಿಯೇ ಕೊಂಡು ತಿನ್ನಬೇಡಿ ಎಂದು ನಾನು ಗೋಗರೆಯುತ್ತೇನೆ. ವೈದ್ಯರು ಸಾಮಾನ್ಯವಾಗಿ ಡೋಸ್ ಇಳಿಸುತ್ತಾರೆ, ಇಲ್ಲವೇ ಟೆಲ್ಮಿಸಾರ್ಟನ್‌ನಂಥ ಬೇರೆ ಬಗೆಯ ಬಿಪಿ ಮಾತ್ರೆಯನ್ನು ಜೊತೆಗೆ ಕೊಡುತ್ತಾರೆ. ಅದು ಹೋಗುವ ದಾರಿಯನ್ನೂ ಕೊಂಚ ಹಿಗ್ಗಿಸುವುದರಿಂದ ಒತ್ತಡ ತಗ್ಗುತ್ತದೆ. ಶೆಟ್ಟರಿಗೂ ಅವರ ಡಾಕ್ಟರು ಇದನ್ನೇ ಮಾಡಿದರು, ಊತ ಕಡಿಮೆಯಾಯಿತು. ಆದರೆ ಒಂದೇ ಕಾಲು ಊದಿದರೆ, ಬೆಳಿಗ್ಗೆ ಮುಖ ಊದಿದರೆ, ಉಸಿರುಕಟ್ಟಿದರೆ ಕಾರಣ ಬೇರೆ ಇರಬಹುದು. ಆಗ ಮಾತ್ರೆಯ ಮೇಲೆ ಹೊರಿಸಿ ಸುಮ್ಮನಿರದೆ ಕೂಡಲೇ ಆಸ್ಪತ್ರೆಗೆ ಹೋಗಬೇಕು.

ಅವರ ಎರಡನೆಯ ಪ್ರಶ್ನೆ, ಬಿಟ್ಟ ಮರುದಿನ ಬಿಪಿ ನಾರ್ಮಲ್ ಇದ್ದದ್ದು. ಅಮ್ಲೋಡಿಪಿನ್‌ನ ಅರ್ಧಾಯುಷ್ಯ 30ರಿಂದ 50 ಗಂಟೆ. ಅಂದರೆ ರಕ್ತದಲ್ಲಿರುವ ಔಷಧ ಅರ್ಧಕ್ಕಿಳಿಯಲು ಒಂದೂಕಾಲು ದಿನದಿಂದ ಎರಡು ದಿನ ಬೇಕು, ಉಳಿದದ್ದರ ಅರ್ಧ ಇಳಿಯಲು ಮತ್ತಷ್ಟೇ. ಶುರುಮಾಡಿದಾಗಲೂ ಮಟ್ಟ ಸ್ಥಿರವಾಗಲು ಸುಮಾರು ಒಂದು ವಾರ ಹಿಡಿಯುತ್ತದೆ. ಒಂದು ದಿನ ಮರೆತರೆ ಅಷ್ಟು ಹಾನಿಯಿಲ್ಲದಿರುವುದು ಈ ನಿಧಾನದ ಲಾಭ. ನಷ್ಟವೆಂದರೆ, ಬಿಟ್ಟವರಿಗೆ ಬಿಟ್ಟದ್ದರ ಪರಿಣಾಮ ತಕ್ಷಣ ಕಾಣದು. ಮರುದಿನದ ನಾರ್ಮಲ್ ನೋಡಿ ಧೈರ್ಯ ಬರುತ್ತದೆ, ಬಿಪಿ ಮೆಲ್ಲಗೆ ಏರುವುದು ಮುಂದಿನ ದಿನಗಳಲ್ಲಿ, ಅಷ್ಟು ಹೊತ್ತಿಗೆ ಯಾರೂ ನೋಡಿಸುವುದಿಲ್ಲ. ಈ ಮಾತ್ರೆ ರೋಗವನ್ನು ಕಿತ್ತುಹಾಕುವುದಿಲ್ಲ. ಅದು ಇರುವಷ್ಟು ದಿನ ನಾಳ ಸಡಿಲ.

ನಿಧಾನ ಎಷ್ಟು ಮುಖ್ಯ ಎಂಬುದನ್ನು ವೈದ್ಯಲೋಕ ಕಷ್ಟಪಟ್ಟು ಕಲಿತಿದೆ. ಒಂದು ಕಾಲಕ್ಕೆ ಬಿಪಿ ತುಂಬಾ ಏರಿದವರಿಗೆ ನಿಫೆಡಿಪಿನ್ ಕ್ಯಾಪ್ಸೂಲ್‌ಗೆ ಸೂಜಿ ಚುಚ್ಚಿ ಅದರ ದ್ರವವನ್ನು ನಾಲಿಗೆಯಡಿ ಹಾಕುವುದು ಎಲ್ಲೆಲ್ಲೂ ರೂಢಿಯಲ್ಲಿತ್ತು. ಬಿಪಿ ಸರ್ರನೆ ಇಳಿಯುತ್ತಿತ್ತು, ನೋಡುವವರಿಗೆ ಸಮಾಧಾನ. ಆದರೆ ಅಷ್ಟು ವೇಗವಾಗಿ ಇಳಿದಾಗ ಮಿದುಳಿಗೂ ಹೃದಯಕ್ಕೂ ರಕ್ತ ಸಾಲದೆ ಪಾರ್ಶ್ವವಾಯು, ಹೃದಯಾಘಾತ ಆದ ವರದಿಗಳು ಬಂದವು. 1996ರಲ್ಲಿ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಈ ರೂಢಿಯನ್ನೇ ನಿಲ್ಲಿಸಬೇಕೆಂಬ ಲೇಖನ ಬಂತು. ಈಗ ನಿಫೆಡಿಪಿನ್ ಅನ್ನು ಹೆಚ್ಚಾಗಿ ಬಳಸುವುದು ನಿಧಾನವಾಗಿ ಕರಗುವ ಮಾತ್ರೆಯಾಗಿ. ಗರ್ಭಿಣಿಯರ ಬಿಪಿಗೂ ಅದನ್ನು ಕೊಡುತ್ತಾರೆ. ಮನೆಯಲ್ಲಿ ಹಳೆಯ ಕ್ಯಾಪ್ಸೂಲ್ ಇಟ್ಟುಕೊಂಡು "ಎಮರ್ಜೆನ್ಸಿಗೆ" ಎನ್ನುವವರು ದಯವಿಟ್ಟು ಅದನ್ನು ಎಸೆಯಿರಿ.

ಹೃದಯದ ಮಾತು ಸ್ವಲ್ಪ ಬೇರೆ. ದಾದರ್ ಸ್ಟೇಷನ್ನಿನ ಸೇತುವೆ ಮೆಟ್ಟಿಲು ಹತ್ತುವಾಗ ಎದೆ ಹಿಡಿದು, ನಿಂತರೆ ಬಿಡುತ್ತದೆ ಎನ್ನುವವರದು ಹೃದಯಶೂಲೆ ಇರಬಹುದು. ಹೃದಯಕ್ಕೆ ಬೇಕಾದ ಆಮ್ಲಜನಕಕ್ಕೂ ಸಿಗುವುದಕ್ಕೂ ಹೊಂದಿಕೆ ತಪ್ಪಿದ ಸ್ಥಿತಿ ಅದು. ನಾಳ ಸಡಿಲವಾದರೆ ಹೃದಯ ಎದುರಿಸಬೇಕಾದ ಒತ್ತಡ ಕಡಿಮೆ, ಬೇಕಾಗುವ ಆಮ್ಲಜನಕವೂ ಕಡಿಮೆ. ಹೃದಯದ ಸ್ವಂತ ರಕ್ತನಾಳವೇ ಸೆಳೆತ ಹಿಡಿದು ಮುಚ್ಚಿಕೊಳ್ಳುವ ಇನ್ನೊಂದು ಬಗೆಯ ಶೂಲೆಯಿದೆ, ಅಮೆರಿಕದ ವೈದ್ಯ ಪ್ರಿನ್ಜ್‌ಮೆಟಲ್ 1959ರಲ್ಲಿ ವಿವರಿಸಿದ್ದು. ಅದಕ್ಕಂತೂ ಈ ಕುಟುಂಬದ ಔಷಧಗಳೇ ಮುಖ್ಯ ಆಸರೆ.

ವೆರಾಪಮಿಲ್ ಮತ್ತು ಡಿಲ್ಟಿಯಾಜೆಮ್ ಇದರ ಜೊತೆಗೆ ಹೃದಯದ ಗತಿಯನ್ನೂ ಇಳಿಸುತ್ತವೆ. ಬಡಿತದ ಸಂಕೇತ ಹುಟ್ಟುವ ಗಂಟು, ಅದು ಕೆಳಗಿನ ಕೋಣೆಗಳಿಗೆ ದಾಟುವ ಗಂಟು, ಎರಡೂ ಕ್ಯಾಲ್ಸಿಯಂ ಬಾಗಿಲುಗಳನ್ನು ನಂಬಿವೆ. ವೆರಾಪಮಿಲ್ ಪದೇ ಪದೇ ತೆರೆಯುವ ಬಾಗಿಲುಗಳನ್ನು ಹೆಚ್ಚು ಹಿಡಿಯುತ್ತದೆ, ಆದ್ದರಿಂದ ಗುಂಡಿಗೆ ವಿಪರೀತ ಓಡುವ ಕೆಲವು ಕಾಯಿಲೆಗಳಲ್ಲಿ ಅದು ಬಹಳ ಉಪಯುಕ್ತ. ಅದೇ ಗುಣದಿಂದ ಬೀಟಾ ಬ್ಲಾಕರ್ (ಬಡಿತ ಇಳಿಸುವ ಇನ್ನೊಂದು ಬಗೆಯ ಔಷಧ) ಜೊತೆ ಸೇರಿದರೆ ಬಡಿತ ಅಪಾಯಕರವಾಗಿ ಇಳಿಯಬಹುದು. ರಕ್ತ ತಳ್ಳುವ ಬಲವೇ ಕುಗ್ಗಿದ ಹೃದಯಕ್ಕೆ ವೆರಾಪಮಿಲ್, ಡಿಲ್ಟಿಯಾಜೆಮ್ ಎರಡನ್ನೂ ಕೊಡುವುದಿಲ್ಲ. ನೆರೆಮನೆಯವರ ಮಾತ್ರೆ ಸಾಲ ಪಡೆದು ನುಂಗಬಾರದು ಎಂದು ನಾವು ಬೇಡಿಕೊಳ್ಳುವುದು ಸುಮ್ಮನಲ್ಲ.

ಗಣೇಶ ಚೌತಿ ಸಮಯದಲ್ಲಿ ಮುಂಬೈಯ ಮಾರುಕಟ್ಟೆಗೆ ಪಪನಸ, ನಮ್ಮ ಚಕ್ಕೋತ, ರಾಶಿ ಬರುತ್ತದೆ. ಅದರ ಹತ್ತಿರದ ಬಂಧು ಗ್ರೇಪ್‌ಫ್ರೂಟ್. ಕೆನಡಾದ ಸಂಶೋಧಕ ಡೇವಿಡ್ ಬೇಯ್ಲಿ ಮತ್ತು ಸಂಗಡಿಗರು ಇದೇ ಕುಟುಂಬದ ಫೆಲೋಡಿಪಿನ್ ಜೊತೆ ಮದ್ಯದ ಪರಿಣಾಮ ಪರೀಕ್ಷಿಸುವಾಗ ಮದ್ಯದ ರುಚಿ ಮರೆಸಲು ಈ ಹಣ್ಣಿನ ರಸ ಬೆರೆಸಿದ್ದರು. ರಕ್ತದಲ್ಲಿ ಔಷಧದ ಮಟ್ಟ ವಿಪರೀತ ಏರಿತು, ಕಾರಣ ರಸ ಎಂದು 1991ರಲ್ಲಿ ಪ್ರಕಟಿಸಿದರು. ಕರುಳಿನಲ್ಲಿ ಔಷಧವನ್ನು ಒಡೆಯುವ ಕಿಣ್ವವನ್ನು ರಸ ಕೆಡಿಸುತ್ತದೆ. ಚಕ್ಕೋತದಲ್ಲೂ ಅಂಥ ರಾಸಾಯನಿಕಗಳಿವೆ. ಅಮ್ಲೋಡಿಪಿನ್ ಮೇಲೆ ಪರಿಣಾಮ ಕಡಿಮೆ, ಪ್ರಸಾದದ ತೊಳೆ ತಿಂದು ಹೆದರಬೇಕಾಗಿಲ್ಲ. ಫೆಲೋಡಿಪಿನ್, ನಿಫೆಡಿಪಿನ್, ವೆರಾಪಮಿಲ್ ತಿನ್ನುವವರು ಮಾತ್ರ ಡಾಕ್ಟರನ್ನು ಕೇಳಿಕೊಳ್ಳುವುದು ಒಳ್ಳೆಯದು.

ಊರಿಗೂ ಮುಂಬೈಗೂ ಓಡಾಡುವ ನಮ್ಮವರಿಗೆ ಇನ್ನೊಂದು ಮಾತು. ಊರಿನ ಡಾಕ್ಟರು ಕೊಟ್ಟದ್ದೊಂದು ಮಾತ್ರೆ ಪಟ್ಟಿ (ಸ್ಟ್ರಿಪ್), ಇಲ್ಲಿನವರು ಕೊಟ್ಟದ್ದೊಂದು. ಮೇಲೆ ದೊಡ್ಡಕ್ಷರದ ಕಂಪನಿ ಹೆಸರು ಬೇರೆ ಬೇರೆ, ಕೆಳಗೆ ಸಣ್ಣಕ್ಷರದಲ್ಲಿ ಎರಡರಲ್ಲೂ ಅಮ್ಲೋಡಿಪಿನ್. ಎರಡನ್ನೂ ನುಂಗಿ ತಲೆ ತಿರುಗಿತೆಂದು ಬರುವವರಿದ್ದಾರೆ. ಟೆಲ್ಮಿಸಾರ್ಟನ್ ಜೊತೆ ಸೇರಿದ ಮಾತ್ರೆಯಲ್ಲೂ ಅದು ಅಡಗಿರುತ್ತದೆ. ಇನ್ನೊಂದು ಗೊಂದಲ ಎಸ್-ಅಮ್ಲೋಡಿಪಿನ್‌ನದು. ಅಮ್ಲೋಡಿಪಿನ್ ಅಣುವಿಗೆ ಎಡ ಬಲ ಕೈಗಳ ಹಾಗೆ ಎರಡು ರೂಪಗಳಿದ್ದು, ಬಾಗಿಲು ಹಿಡಿಯುವುದು ಒಂದು ರೂಪ ಮಾತ್ರ. ಅದನ್ನಷ್ಟೇ ಬೇರ್ಪಡಿಸಿದ ಮಾತ್ರೆಯನ್ನು ಪುಣೆಯ ಎಮ್‌ಕ್ಯೂರ್ ಕಂಪನಿಯೂ ಮಾರುತ್ತದೆ. ಅದರ 2.5 ಮಿಲಿಗ್ರಾಂ ಸಾಮಾನ್ಯ ಮಾತ್ರೆಯ 5 ಮಿಲಿಗ್ರಾಂಗೆ ಸಮ. 2.5 ಎಂದು ಕಂಡು ಡೋಸ್ ಕಡಿಮೆಯಾಯಿತೆಂದು ಎರಡು ನುಂಗಬೇಡಿ. ಡಾಕ್ಟರ ಹತ್ತಿರ ಹೋಗುವಾಗ ಮನೆಯಲ್ಲಿರುವ ಎಲ್ಲ ಪಟ್ಟಿಗಳನ್ನೂ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ, ಮುಗಿದು ಖಾಲಿಯಾದವನ್ನೂ ಸೇರಿಸಿ.