ಪೋಷಕತ್ವದಲ್ಲಿ ತಂದ ಮಗು ಎರಡು ವರ್ಷಕ್ಕೆ ನಮ್ಮದಾಗುತ್ತದೆಯೇ?

ಪ್ರಶ್ನೆ: ನಮಗೆ ಮಕ್ಕಳಿಲ್ಲ. ದತ್ತು ಪಡೆಯಲು ವರ್ಷಗಟ್ಟಲೆ ಕಾಯಬೇಕಂತೆ. ಪೋಷಕತ್ವದಲ್ಲಿ ಒಂದು ಮಗುವನ್ನು ತಂದುಕೊಂಡರೆ ಎರಡು ವರ್ಷದಲ್ಲಿ ಅದು ನಮ್ಮದೇ ಆಗುತ್ತದಂತೆ. ನಿಜವೇ?

ನಿಜವಲ್ಲ. ಎಷ್ಟು ಸಲ ಹೇಳಿದರೂ ಇದೇ ಪ್ರಶ್ನೆ ಮತ್ತೊಂದು ಊರಿನಿಂದ ಬರುತ್ತಲೇ ಇದೆ. ಈ ಸಲ ಬುಡದಿಂದಲೇ ಹೇಳುತ್ತೇನೆ, ದಯವಿಟ್ಟು ಪೂರ್ತಿ ಓದಿ. ಪೋಷಕತ್ವ (ಫಾಸ್ಟರ್ ಕೇರ್) ಎಂದರೆ ಹೆತ್ತವರ ಬಳಿ ಇರಲಾಗದ ಮಗುವನ್ನು ಮಕ್ಕಳ ಕಲ್ಯಾಣ ಸಮಿತಿಯ ಆದೇಶದಂತೆ ಬೇರೊಂದು ಕುಟುಂಬ ಮನೆಯಲ್ಲಿಟ್ಟು ಸಾಕುವುದು; ಅದು ದತ್ತು ಅಲ್ಲ.

ಆ ‘ಎರಡು ವರ್ಷ’ ಹುಟ್ಟಿದ್ದು ಕೇಂದ್ರ ಸರ್ಕಾರದ 2024ರ ಮಾದರಿ ಪೋಷಕತ್ವ ಮಾರ್ಗಸೂಚಿಯಿಂದ. ಸಾಕಿದ ಕುಟುಂಬ ಅದೇ ಮಗುವನ್ನು ದತ್ತು ಪಡೆಯಲು ಮೊದಲು ಐದು ವರ್ಷ ಕಾಯಬೇಕಿತ್ತು, ಈಗ ಎರಡು ಸಾಕು. ಜನ ಇಷ್ಟನ್ನು ಹಿಡಿದುಕೊಂಡು ಷರತ್ತನ್ನು ಬಿಟ್ಟರು. ಆ ಮಗುವನ್ನು ದತ್ತು ಕೊಡಬಹುದೆಂದು ಮಕ್ಕಳ ಕಲ್ಯಾಣ ಸಮಿತಿ ಕಾನೂನು ಪ್ರಕಾರ ಘೋಷಿಸಿರಬೇಕು. ಹೆತ್ತವರು ಬದುಕಿದ್ದು, ಮಗುವನ್ನು ಬಿಟ್ಟುಕೊಡದೇ ಇದ್ದರೆ ನೀವು ಹತ್ತು ವರ್ಷ ಸಾಕಿದರೂ ಅದು ತನ್ನಷ್ಟಕ್ಕೆ ದತ್ತು ಆಗುವುದಿಲ್ಲ.

ಇನ್ನೊಂದು ಮಾತು. 2015ರ ಬಾಲನ್ಯಾಯ ಕಾಯ್ದೆಯ 44ನೇ ಸೆಕ್ಷನ್ ಓದಿ. ದತ್ತು ಕೊಡಬಹುದೆಂದು ಸಮಿತಿ ಪರಿಗಣಿಸಿದ ಮಗುವನ್ನು ದೀರ್ಘಾವಧಿಯ ಪೋಷಕತ್ವಕ್ಕೆ ಕೊಡಕೂಡದು ಎಂದು ಅಲ್ಲಿ ಬರೆದಿದೆ. ದತ್ತಿಗೆ ಒಳದಾರಿ ಮಾಡಿಕೊಡುವ ಉದ್ದೇಶವಿದ್ದರೆ ಕಾಯ್ದೆಯಲ್ಲಿ ಈ ಮಾತು ಏಕಿರುತ್ತಿತ್ತು? ತೊಟ್ಟಿಲ ಕೂಸು ಸಿಗುತ್ತದೆಂದೂ ಕಾಯಬೇಡಿ. ಮಾರ್ಗಸೂಚಿ ಹೇಳುವುದು ಆರು ವರ್ಷ ಮೇಲ್ಪಟ್ಟ ಮಕ್ಕಳ ವಿಷಯ.

ಅಂಥ ಮಗು ಯಾರು? ತಂದೆ ತೀರಿಕೊಂಡಿದ್ದಾನೆ, ತಾಯಿ ಕಾಯಿಲೆಯಿಂದ ಚೇತರಿಸಿಕೊಳ್ಳುತ್ತಿದ್ದಾಳೆ, ಎಂಟು ವರ್ಷದ ಹುಡುಗ ಬಾಲಮಂದಿರದಲ್ಲಿದ್ದಾನೆ ಎಂದುಕೊಳ್ಳಿ. ಅವನು ನಿಮ್ಮ ಮನೆಗೆ ಬರುತ್ತಾನೆ. ಸಮಿತಿ ಗೊತ್ತುಮಾಡಿದ ದಿನ ತಾಯಿ ಬಸ್ ಹತ್ತಿ, ಕಡ್ಲೆಪುರಿಯ ಪೊಟ್ಟಣ ಹಿಡಿದು ನಿಮ್ಮ ಜಗಲಿಗೆ ಬರುತ್ತಾಳೆ. ಭೇಟಿಯಿಂದ ಮಗುವಿಗೆ ಕೆಡುಕಿದೆ ಎಂದು ಸಮಿತಿ ಹೇಳದ ಹೊರತು ನೀವು ಬಾಗಿಲು ಹಾಕಿಕೊಳ್ಳುವಂತಿಲ್ಲ. ಅವಳು ಸುಧಾರಿಸಿಕೊಂಡರೆ ಹುಡುಗ ಅವಳ ಜೊತೆ ಹೊರಡಲೂಬಹುದು. ಆ ದಿನ ಅವನ ಬಟ್ಟೆಬರೆ ಮಡಿಚಿಟ್ಟು, ಶಾಲೆಯ ಕಾಗದಪತ್ರ ಕೈಗಿತ್ತು ಕಳುಹಿಸುವ ಮನಸ್ಸು ನಿಮಗಿದೆಯೇ? ನಾನು ಮೊದಲು ಕೇಳುವುದು ಇದನ್ನೇ. ಇದೆ ಎನ್ನುವವರು ಧಾರಾಳವಾಗಿ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಹೋಗಿ. ಒಂಟಿಯಾಗಿರುವವರಿಗೂ, ವಿಧವೆಯರಿಗೂ, ವಿಚ್ಛೇದಿತರಿಗೂ ಈಗ ಅವಕಾಶವಿದೆ.

ಕೇಂದ್ರ ಸರ್ಕಾರದ ಮಕ್ಕಳ ರಕ್ಷಣಾ ಯೋಜನೆಯಾದ ಮಿಷನ್ ವಾತ್ಸಲ್ಯದಡಿ ತಿಂಗಳಿಗೆ 4,000 ರೂಪಾಯಿ ನೆರವು ಇದೆ. ಅದು ಮಗುವಿನ ಊಟ, ಓದು, ಔಷಧಿಗೆ. ಮನೆಗೆಲಸಕ್ಕೊಂದು ಕೈ ಆಯಿತು ಎಂದು ಲೆಕ್ಕ ಹಾಕುವವರು ದೂರವಿರಿ. ತಿಂಗಳಿಗೊಮ್ಮೆ ತಪಾಸಣೆ ನಡೆಯಬೇಕೆಂದು ಕಾಯ್ದೆಯಲ್ಲೇ ಇದೆ, ಆರೈಕೆ ಸರಿಯಿಲ್ಲದಿದ್ದರೆ ಮಗುವನ್ನು ವಾಪಸು ಕರೆದೊಯ್ಯುತ್ತಾರೆ. ಅಣ್ಣ-ತಂಗಿ ಇದ್ದರೆ ಆದಷ್ಟೂ ಒಂದೇ ಮನೆಯಲ್ಲಿ ಇರಿಸಬೇಕು. ‘ಹುಡುಗಿ ಸಾಕು, ಹುಡುಗ ಬೇಡ’ ಎಂದು ಆರಿಸಿಕೊಳ್ಳಲು ಇದು ಸಂತೆಯಲ್ಲ.

ಯಾರೂ ಕೇಳದ, ಆದರೆ ಕೇಳಲೇಬೇಕಾದ ಪ್ರಶ್ನೆಯೊಂದಿದೆ: ಆ ಹುಡುಗನ ಸತ್ತ ತಂದೆಯ ಜಮೀನು ಏನಾಗುತ್ತದೆ? ಪೋಷಕತ್ವಕ್ಕೆ ಬಂದ ಮಗುವಿಗೆ ನಿಮ್ಮ ಆಸ್ತಿಯಲ್ಲಿ ಹಕ್ಕು ಹುಟ್ಟುವುದಿಲ್ಲ, ಹೆತ್ತವರ ಆಸ್ತಿಯಲ್ಲಿದ್ದ ಹಕ್ಕು ಅಳಿಯುವುದೂ ಇಲ್ಲ. ಆದರೆ ಊರಿನಲ್ಲಿ ಚಿಕ್ಕಪ್ಪ, ದೊಡ್ಡಪ್ಪಂದಿರು ವಂಶವೃಕ್ಷ ಮಾಡಿಸುವಾಗ ಕಣ್ಣಿಗೆ ಕಾಣದ ಹುಡುಗನ ಹೆಸರನ್ನು ಕೈಬಿಟ್ಟರೆ ಪೌತಿ ಖಾತೆ (ಸತ್ತವರ ಜಮೀನನ್ನು ವಾರಸುದಾರರ ಹೆಸರಿಗೆ ಬದಲಾಯಿಸುವುದು) ಅವನಿಲ್ಲದೆಯೇ ಆಗಿಬಿಡುತ್ತದೆ. ಆದ್ದರಿಂದ ಅವನ ಜನನ ಪ್ರಮಾಣಪತ್ರ, ತಂದೆಯ ಮರಣ ಪ್ರಮಾಣಪತ್ರ, ಆ ಜಮೀನಿನ ಪಹಣಿ, ಈ ಮೂರರ ಪ್ರತಿಯನ್ನು ರಕ್ಷಣಾ ಘಟಕದವರಿಂದ ಅವನ ಕಡತಕ್ಕೆ ಸೇರಿಸಿಸಿ. ಪಹಣಿಯಲ್ಲಿ ಹೆಸರು ಬದಲಾಗಿದ್ದು ಕಂಡರೆ ತಡಮಾಡದೆ ಸಮಿತಿಗೆ ಲಿಖಿತವಾಗಿ ತಿಳಿಸಿ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಮಕ್ಕಳಿಗೆ ವಕೀಲರ ನೆರವು ಉಚಿತ.