ಹಳೆ ಕಾರಿನ ರೇಡಿಯೊಗೆ ಬ್ಲೂಟೂತ್: ಪಾಸಿಟಿವ್ ಅರ್ತ್ ಎಂಬ ಕಗ್ಗಂಟು

ಹಳೆ ಕಾರಿನ ಡಯಲು, ನಾಬು ಯಾವುದೂ ಬದಲಾಗಬಾರದು, ಆದರೆ ಫೋನಿನ ಹಾಡು ಅದೇ ಸ್ಪೀಕರ್‌ನಲ್ಲಿ ಬರಬೇಕು. ಸೆಟ್ಟಿನಲ್ಲಿ ಎಫ್‌ಎಂ ಇದ್ದರೆ ಆಂಟೆನಾ ವೈರಿನ ನಡುವೆ ಕೂರಿಸುವ ಮಾಡ್ಯುಲೇಟರ್ ಸಾಕು. ಕ್ಯಾಸೆಟ್ ಇದ್ದರೆ ಕ್ಯಾಸೆಟ್ ಅಡಾಪ್ಟರ್. ಅದರೊಳಗಿನ ಪುಟ್ಟ ಹೆಡ್ಡು ಟೇಪಿನ ಬದಲು ತಾನೇ ಕಾಂತಕ್ಷೇತ್ರ ಹುಟ್ಟಿಸಿ ಡೆಕ್ಕಿನ ಹೆಡ್ಡಿಗೆ ದಾಟಿಸುತ್ತದೆ. ಎರಡೂ ಸುಲಭ. ಬರೀ ಎಎಂ ಬರುವ ಸೆಟ್ಟು ಇರುವವರಿಗೆ ಈ ಟಿಪ್ಪಣಿ.

ಎಲ್ಲಿ ಸೇರಿಸಬೇಕು

ರೇಡಿಯೊ ತರಂಗದಿಂದ ದನಿಯನ್ನು ಬೇರ್ಪಡಿಸುವ ಭಾಗವೇ ಡಿಟೆಕ್ಟರ್. ಅದನ್ನು ದಾಟಿದ ಸಿಗ್ನಲ್ ಬರೀ ಆಡಿಯೊ. ಅದು ವಾಲ್ಯೂಮ್ ಕಂಟ್ರೋಲ್‌ಗೆ ಬಂದು, ಅಲ್ಲಿಂದ ಆಂಪ್ಲಿಫೈಯರ್‌ಗೆ ಹೋಗುತ್ತದೆ. ಫೋನಿನ ಆಡಿಯೊವನ್ನು ಅಲ್ಲೇ ಸೇರಿಸಿದರೆ ಎಎಂ ದನಿಯ ಮಂಕು ಇರುವುದಿಲ್ಲ. ಆಂಪ್ಲಿಫೈಯರು, ಸ್ಪೀಕರು ಎಷ್ಟು ಕೊಡಬಲ್ಲವೋ ಅಷ್ಟೂ ಸಿಗುತ್ತದೆ.

ಕಂಟ್ರೋಲ್‌ಗೆ ಸಾಮಾನ್ಯವಾಗಿ ಮೂರು ಕಾಲು. ಪವರ್ ತೆಗೆದು ಮಲ್ಟಿಮೀಟರ್ ಇಟ್ಟು ನೋಡಿ. ಸೆಟ್ಟಿನ ಬಾಡಿಗೆ ಸೊನ್ನೆ ಓಮ್ ತೋರಿಸುವುದು ಅರ್ತ್ ಕಾಲು. ನಾಬು ತಿರುಗಿಸಿದಂತೆ ಓದು ಬದಲಾಗುವುದು ಆಂಪ್ಲಿಫೈಯರ್ ಕಡೆಯದು. ಉಳಿದದ್ದೇ ನಮಗೆ ಬೇಕಾದ ಮೇಲಿನ ಕಾಲು. ಅಲ್ಲಿಗೆ ಬರುವ ರೇಡಿಯೊ ವೈರನ್ನು ಬಿಡಿಸಿ, ಸ್ವಿಚ್ ಇರುವ ಜ್ಯಾಕ್ ಮೂಲಕ ಹಾಯಿಸಿ. ಪಿನ್ ಚುಚ್ಚಿದರೆ ಫೋನು, ತೆಗೆದರೆ ರೇಡಿಯೊ.

ಹಳೆ ಸೆಟ್ಟು ಮೋನೊ, ಅಂದರೆ ಒಂದೇ ಚಾನೆಲ್. ಫೋನಿನ ಎಡ ಬಲ ಚಾನೆಲ್ ಎರಡನ್ನೂ ನೇರವಾಗಿ ಹೊಸೆದು ಬೆಸುಗೆ ಹಾಕಿದರೆ ಒಂದು ಔಟ್‌ಪುಟ್ ಇನ್ನೊಂದನ್ನು ಎಳೆದಾಡುತ್ತದೆ. ತಲಾ 1 ಕಿಲೋಓಮ್ ರೆಸಿಸ್ಟರ್ ದಾಟಿಸಿ ಆಮೇಲೆ ಕೂಡಿಸಿ. ಡಿಸಿ ತಡೆಯಲು ಮುಂದೆ ಒಂದು ಕಪಾಸಿಟರ್, 1ರಿಂದ 10 ಮೈಕ್ರೊಫ್ಯಾರಡ್ ಒಳಗಿನದು ಯಾವುದಾದರೂ ನಡೆಯುತ್ತದೆ.

ಪಾಸಿಟಿವ್ ಅರ್ತ್

ನನ್ನ ತಲೆ ಪೂರ್ತಿ ಕೆಟ್ಟದ್ದು ಇಲ್ಲಿ. 1960ರ ದಶಕದ ನಡುಭಾಗದವರೆಗೂ ಬಹಳಷ್ಟು ಬ್ರಿಟಿಷ್ ಕಾರುಗಳಲ್ಲಿ ಬ್ಯಾಟರಿಯ ಪ್ಲಸ್ಸೇ ಬಾಡಿಗೆ ಹೋಗುತ್ತಿತ್ತು. ಎಂಜಿಬಿ ಎಂಬ ಬ್ರಿಟಿಷ್ ಸ್ಪೋರ್ಟ್ಸ್ ಕಾರು 1967ರಲ್ಲಿ ನೆಗೆಟಿವ್ ಅರ್ತ್‌ಗೆ, ಅಂದರೆ ಮೈನಸ್ ಬಾಡಿಗೆ ಹೋಗುವ ವ್ಯವಸ್ಥೆಗೆ, ಬದಲಾಯಿತು. ಫೋನು ತನ್ನ ಬ್ಯಾಟರಿಯಲ್ಲಿ ಓಡುತ್ತಿರುವಾಗ ಆಕ್ಸ್ ವೈರು ಹಾಕಿದರೆ ಏನೂ ತೊಂದರೆಯಿಲ್ಲ, ಹಾಡು ಬರುತ್ತದೆ. ವೈರಿನ ಬದಲು ಫೋನಿನ ಹಾಡು ಹಿಡಿದು ಜ್ಯಾಕಿಗೆ ಕೊಡುವ ಬ್ಲೂಟೂತ್ ಮಾಡ್ಯೂಲಿಗೆ ಕಾರಿನಿಂದಲೇ ಕರೆಂಟು ಕೊಟ್ಟ ಕೂಡಲೇ ಫ್ಯೂಸ್ ಹೋಗುತ್ತದೆ. ಯಾಕೆ?

ಅಂಕಿ ಹಾಕಿಕೊಂಡು ನೋಡಿದಾಗಲೇ ನನಗೆ ಹೊಳೆದದ್ದು. ಬ್ಯಾಟರಿಯ ಮೈನಸ್ ಕೊನೆ 0 ವೋಲ್ಟ್ ಎಂದಿಟ್ಟುಕೊಳ್ಳಿ. ಆಗ ಕಾರಿನ ಬಾಡಿ 12 ವೋಲ್ಟ್, ರೇಡಿಯೊ ಪೆಟ್ಟಿಗೆಯೂ 12. ವೋಲ್ಟೇಜ್ ಇಳಿಸುವ ಬಕ್ ಕನ್ವರ್ಟರ್ ಮೂಲಕ ಮಾಡ್ಯೂಲಿಗೆ 5 ವೋಲ್ಟ್ ಕೊಡುತ್ತೇವೆ. ಅದರ ಮೈನಸ್ 0. ಆಡಿಯೊ ವೈರಿನ ಹೊರ ಜಾಲರಿ ಮಾಡ್ಯೂಲಿನ ಮೈನಸ್ಸಿಗೇ ಸೇರಿರುತ್ತದೆ, ಅಂದರೆ ಅದೂ 0. ಆ ಜಾಲರಿಯನ್ನು ರೇಡಿಯೊ ಬಾಡಿಗೆ ಬೆಸೆದರೆ 0 ಮತ್ತು 12 ನೇರ ಕೂಡಿದವು. ಕೂದಲೆಳೆಯಂಥ ಜಾಲರಿಯ ಮೂಲಕ ಬ್ಯಾಟರಿ ಶಾರ್ಟ್!

“ಕಪಾಸಿಟರ್ ಹಾಕಿದ್ದೇವಲ್ಲ, ಅದು ಡಿಸಿ ತಡೆಯುವುದಿಲ್ಲವೇ?” ನನಗೂ ಇದೇ ಅನುಮಾನವಿತ್ತು. ತಡೆಯುತ್ತದೆ, ಆದರೆ ಅದು ಕೂತಿರುವುದು ನಡುವಿನ ಸಿಗ್ನಲ್ ತಂತಿಯಲ್ಲಿ. ಕರೆಂಟು ಹರಿಯುತ್ತಿರುವುದು ಜಾಲರಿಯಲ್ಲಿ. ಹಾಗಾಗಿ ಕಪಾಸಿಟರ್ ಎಷ್ಟೇ ಒಳ್ಳೆಯದಿದ್ದರೂ ಇಲ್ಲಿ ಉಪಯೋಗವಿಲ್ಲ.

ಬಿಡಿಸುವ ದಾರಿ ಎರಡು. ಒಂದು, ಐಸೊಲೇಟೆಡ್ ಡಿಸಿ-ಡಿಸಿ ಕನ್ವರ್ಟರ್. ಅದರ ಒಳಹರಿವಿಗೂ ಹೊರಹರಿವಿಗೂ ತಂತಿಯ ನಂಟೇ ಇಲ್ಲ, ಹಾಗಾಗಿ ಹೊರಗಿನ ಮೈನಸ್ಸನ್ನು 12 ವೋಲ್ಟಿನ ಬಾಡಿಗೆ ಕಟ್ಟಿದರೂ ಅದು ಸುಮ್ಮನಿರುತ್ತದೆ. ಕೊಳ್ಳುವಾಗ ಎರಡೂ ಕಡೆಯ ಮೈನಸ್‌ಗಳ ಮೇಲೆ ಮೀಟರ್ ಇಡಿ. ಬೀಪ್ ಬಂದರೆ ಅದು ಮಾಮೂಲಿ ಬಕ್ ಕನ್ವರ್ಟರ್, ಬೇಡ. ಇನ್ನೊಂದು ದಾರಿ, ಆಡಿಯೊ ದಾರಿಯಲ್ಲಿ 600:600 ಓಮ್ ಟ್ರಾನ್ಸ್‌ಫಾರ್ಮರ್. ಹಾಡು ಕಾಂತದ ಮೂಲಕ ದಾಟುತ್ತದೆ, ಡಿಸಿ ದಾಟುವುದಿಲ್ಲ. ಅಗ್ಗದ ಪುಟಾಣಿ ಟ್ರಾನ್ಸ್‌ಫಾರ್ಮರು ಬೇಸ್ ನುಂಗಿಬಿಡುತ್ತದೆ, ಅದಕ್ಕೇ ನನ್ನ ಓಟು ಮೊದಲನೆಯದಕ್ಕೆ. ಟ್ರಾನ್ಸ್‌ಫಾರ್ಮರ್ ಹಾಕಿದವರು ಇನ್ನೊಂದು ನೋಡಬೇಕು: ಮಾಡ್ಯೂಲಿನ ಲೋಹದ ಮೈ ಕಾರಿನ ಬಾಡಿಗೆ ತಗುಲಿದರೂ ಅದೇ ಶಾರ್ಟ್. ಪ್ಲಾಸ್ಟಿಕ್ ಡಬ್ಬಿಯಲ್ಲಿಡಿ.

ಸಿಗರೇಟ್ ಲೈಟರ್ ಸಾಕೆಟ್ಟಿನ ಯುಎಸ್‌ಬಿ ಚಾರ್ಜರೂ ಈ ಕಾರುಗಳಲ್ಲಿ ತಿರುಗುಮುರುಗು. ಹೊರ ಬಳೆ ಪ್ಲಸ್, ನಡು ಮೈನಸ್. ಚುಚ್ಚಲೇಬೇಡಿ.

ಉಳಿದ ಚೂರುಪಾರು

ನೆಗೆಟಿವ್ ಅರ್ತ್ ಕಾರಿನಲ್ಲಿ ಶಾರ್ಟ್ ಭಯವಿಲ್ಲ. ಎಂಜಿನ್ ವೇಗ ಏರಿದಂತೆ ಏರುವ ಕುಂಯ್ ಶಬ್ದ ಬಂದರೆ ಅದು ಗ್ರೌಂಡ್ ಲೂಪ್, ಅಂದರೆ ಎರಡು ದಾರಿಯಲ್ಲಿ ಅರ್ತ್ ಆಗಿ ಸೇರಿಕೊಂಡ ಗದ್ದಲ. ಮದ್ದು ಮೇಲಿನದೇ. 6 ವೋಲ್ಟ್ ಕಾರಿನಲ್ಲಿ ಸ್ಟಾರ್ಟ್ ಮಾಡುವಾಗ ವೋಲ್ಟೇಜ್ ಕುಸಿದು ಮಾಡ್ಯೂಲು ಆಫ್ ಆಗಬಹುದು. ಏರಿಸುವ, ಇಳಿಸುವ ಎರಡೂ ಕೆಲಸ ಮಾಡುವ ಕನ್ವರ್ಟರ್ ಹುಡುಕಿ. ಟ್ರಾನ್ಸಿಸ್ಟರ್ ಬದಲು ಗಾಜಿನ ವಾಲ್ವ್ ಇರುವ ಸೆಟ್ಟಿನೊಳಗೆ 200 ವೋಲ್ಟ್ ಆಸುಪಾಸು ಇರುತ್ತದೆ, ಆಫ್ ಮಾಡಿದ ಮೇಲೂ ಕಪಾಸಿಟರ್‌ಗಳಲ್ಲಿ ಉಳಿದಿರಬಹುದು. ಸ್ಪೀಕರ್ ಕಳಚಿಟ್ಟು ಈ ಸೆಟ್ಟು ಆನ್ ಮಾಡಬೇಡಿ, ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಟ್ಟೀತು.